ಕೋವಿ ಪಾಲು

ಹಾಲ್ಮಡ್ಡಿ ಧೂಪದ ವಾಸನೆಗೆ ಬೇರೆಯವರಿಗೆ ದೇವರು ನೆನಪಾದರೆ ಪರಿಮಳಾಗೆ ಬೇಟೆ ನೆನಪಾಗುತ್ತಿತ್ತು. ಇದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಸೋಂದಾದ ತವರುಮನೆಯಲ್ಲಿ ಅವಳಿನ್ನೂ ಲಂಗ ಹಾಕಿಕೊಂಡು ಓಡಾಡುವ ಕಾಲಕ್ಕೆ, ಗದ್ದೆಯಾಚೆಯ ಕೇರಿಯಲ್ಲಿ ಬೇಟೆಗೆ ಮಿಗ ಬಿದ್ದ ದಿನ ಸಂಜೆ ಗಾಳಿ ಈಚೆ ತಿರುಗುತ್ತಿತ್ತು. ಮೊದಲು ತಲೆ, ಕಾಲು ಸುಡುವ ಕೂದಲಿನ ವಾಸನೆ. ಅದರ ಬೆನ್ನಿಗೇ ಅರಿಸಿನ, ಕಾಳುಮೆಣಸು ಸವರಿದ ಮಾಂಸ ಕೆಂಡದ ಮೇಲೆ ಬೇಯುವ ವಾಸನೆ. ಆಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕೆಂಡದ ಬಟ್ಟಲಿಗೆ ಮುಷ್ಟಿಗಟ್ಟಲೆ ಹಾಲ್ಮಡ್ಡಿ ಸುರಿದು, ಮನೆಯ ಮೂಲೆ ಮೂಲೆಗೂ ಹೊಗೆ ಹಿಡಿಯುತ್ತಿದ್ದಳು. ಒಂದನ್ನು ಓಡಿಸಲು ಇನ್ನೊಂದು. ಆದರೆ ಮೂಗಿಗೆ ಮಡಿ ಮೈಲಿಗೆ ತಿಳಿಯುವುದಿಲ್ಲವಲ್ಲ, ಹುಡುಗಿಯ ತಲೆಯೊಳಗೆ ಎರಡೂ ಒಂದರೊಳಗೊಂದು ಬೆರೆತು ಕೂತುಬಿಟ್ಟವು. ಐವತ್ತೆಂಟು ತುಂಬಿದ ಮೇಲೂ ಸತ್ಯನಾರಾಯಣ ವ್ರತದಲ್ಲಿ ಭಟ್ಟರು ಧೂಪ ಎತ್ತಿದರೆ ಪರಿಮಳಾಗೆ ಬಾಯಲ್ಲಿ ನೀರೂರುತ್ತಿತ್ತು. ಪ್ರಸಾದದ ಮೇಲೆ ಅವಳಿಗೆ ಎಷ್ಟು ಭಕ್ತಿ ಎಂದು ನೋಡಿದವರು ಮೆಚ್ಚಿಕೊಳ್ಳುತ್ತಿದ್ದರು. ಹುಟ್ಟಿದ ಮೇಲೆ ಒಂದು ಚೂರು ಮಾಂಸ ಮುಟ್ಟಿದವಳಲ್ಲ ಅವಳು. ನಾಲಿಗೆಗೆ ಗೊತ್ತಿಲ್ಲದ್ದು ಮೂಗಿಗೆ ಗೊತ್ತಿತ್ತು, ಅಷ್ಟೇ.

ಮದುವೆಯಾಗಿ ಬಂದದ್ದು ಮತ್ತಿಘಟ್ಟದ ಕಡೆಯ ನೇರಳಕೇರಿಗೆ. ಗಂಡ ಕಮಲಾಕರ ಹೆಗಡೆ ಕೆಟ್ಟವನಲ್ಲ, ಹೆಸರಿಗೆ ಹೆದರುವವನು. ಊರಿನ ಗ್ರಾಮ ಅರಣ್ಯ ಸಮಿತಿಗೆ ಅವನೇ ಅಧ್ಯಕ್ಷ. ರಸ್ತೆಯ ತಿರುವಿನಲ್ಲಿ ಸಮಿತಿ ನಿಲ್ಲಿಸಿದ ಹಸಿರು ಬೋರ್ಡಿನ ಮೇಲೆ ಜಿಂಕೆಯ ಚಿತ್ರವಿತ್ತು, ಅದರ ಕೆಳಗೆ ಅವನ ಹೆಸರಿತ್ತು. ಬರೆದ ಪೇಂಟರು ಜಿಂಕೆಯನ್ನು ಹತ್ತಿರದಿಂದ ನೋಡಿರಲಿಲ್ಲವೋ ಏನೋ, ಅದು ಆಕಳ ಕರುವಿಗೆ ಕೋಡು ಬಂದ ಹಾಗೆ ಕಾಣುತ್ತಿತ್ತು. ಸಭೆಯಲ್ಲಿ ಮೈಕು ಸಿಕ್ಕರೆ ಹೆಗಡೆ, "ಮೂಕಪ್ರಾಣಿಗಳಿಗೆ ಬಾಯಿಲ್ಲ, ನಾವೇ ಅವುಗಳ ಬಾಯಾಗಬೇಕು" ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತ ಚೌಡನೂ ತಟ್ಟುತ್ತಿದ್ದ.

ಚೌಡ ಹೆಗಡೆಯ ತೋಟದ ಕೆಲಸದವನು, ಹಳ್ಳದಾಚೆ ಅವನ ಮನೆ. ಹೆಗಡೆಯ ಅಜ್ಜನ ಕಾಲದ ಒಂಟಿನಳಿಗೆಯ ಕೋವಿ ಒಂದಿತ್ತು, ಬೆಳೆ ಕಾಯುವುದಕ್ಕೆಂದು ಅದಕ್ಕೆ ಲೈಸೆನ್ಸೂ ಇತ್ತು. ಹೆಗಡೆ ಅದನ್ನು ಎತ್ತುತ್ತಿದ್ದದ್ದು ನವರಾತ್ರಿಯಲ್ಲಿ ಮಾತ್ರ, ಕುಂಕುಮ ಹಚ್ಚುವುದಕ್ಕೆ. ತೋಟಕ್ಕೆ ಕಾಡುಕುರಿ ಇಳಿದು ಹೊಸ ಯಾಲಕ್ಕಿಯ ಕುಡಿ ಚಿವುಟಿತು ಅನ್ನಿ, ಅವನು ಜಗಲಿಯ ತುದಿಯಲ್ಲಿ ನಿಂತು, "ಚೌಡಾ, ತೋಟಕ್ಕೆ ಒಂಚೂರು ನೋಡೋ" ಎನ್ನುತ್ತಿದ್ದ. ಹೊಡಿ ಎಂಬ ಶಬ್ದ ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಆ ಹೊತ್ತಿಗೆ ಕೋವಿ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಿರುತ್ತಿತ್ತು, ತಾನಾಗಿಯೇ ನಡೆದು ಹೋಗಿ ಒರಗಿದ ಹಾಗೆ.

ಬೇಟೆಯಲ್ಲಿ ಪಾಲು ಹಾಕುವುದಕ್ಕೆ ಒಂದು ಕ್ರಮವಿದೆ. ಹೊಡೆದವನಿಗೆ ಒಂದು ಪಾಲು, ಪೊದೆ ಬಡಿದು ಸೋವಿದವರಿಗೆ ಒಂದೊಂದು, ಕೊಯ್ಯುವಾಗ ದಾರಿಹೋಕ ಬಂದು ಕಂಡರೆ ಅವನಿಗೂ ಒಂದು. ಎಲ್ಲಕ್ಕಿಂತ ಮೊದಲು ತೆಗೆದಿಡುವುದು ಕೋವಿಯ ಪಾಲು. ಅದು ಕೋವಿಯ ಯಜಮಾನನ ಮನೆಗೆ ಮುಟ್ಟಬೇಕು. ಮುಟ್ಟದಿದ್ದರೆ ಮುಂದೆ ಗುರಿ ತಪ್ಪುತ್ತದೆ. ಯಜಮಾನ ಮಾಂಸ ಮುಟ್ಟದ ಹವ್ಯಕರವನಾದರೆ ಏನು ಮಾಡಬೇಕು ಎಂಬುದಕ್ಕೆ ಹಿಂದಿನವರು ದಾರಿ ಮಾಡಿಟ್ಟಿದ್ದರು. ಚೌಡ ಆ ಪಾಲನ್ನು ಸಾಗವಾನಿ ಎಲೆಯಲ್ಲಿ ಕಟ್ಟಿಕೊಂಡು ಅಂಗಳದ ಅಂಚಿಗೆ ಬಂದು, "ಒಡೆಯಾ, ಕೋವಿ ಪಾಲು" ಎಂದು ಎತ್ತಿ ತೋರಿಸುತ್ತಿದ್ದ. ಹೆಗಡೆ ಆಕಾಶ ನೋಡುತ್ತ, "ಮುಟ್ಟಿತು" ಎನ್ನುತ್ತಿದ್ದ. ಚೌಡ ಅದನ್ನು ಮನೆಗೆ ಒಯ್ದು ತಿನ್ನುತ್ತಿದ್ದ. ಧರ್ಮಕ್ಕೂ ಭಂಗವಿಲ್ಲ, ಕೋವಿಗೂ ಬೇಸರವಿಲ್ಲ.

ತೊಂಬತ್ತಾರನೆಯ ಇಸವಿಯ ಫಾಲ್ಗುಣ, ಲೋಕಸಭೆ ಚುನಾವಣೆಯ ಮಾತು ಶುರುವಾಗಿತ್ತು. ಆ ದಿನ ಬೆಳಿಗ್ಗೆ ಫಾರೆಸ್ಟರ್ ಗಿರೀಶ ಜಗಲಿಯಲ್ಲಿ ಕೂತು ಹೆಗಡೆಯ ಜೊತೆ ಸಮಿತಿಯ ಮಾತಾಡುತ್ತಿದ್ದ. ಅವನು ದಾಸನಕೊಪ್ಪದ ಲಿಂಗವಂತರ ಮನೆಯ ಹುಡುಗ. ಅಲ್ಲಿ ತಾಯಿ ದೇವಕ್ಕ ಇದ್ದಳು, ಇಲ್ಲಿ ಇಲಾಖೆಯ ಒಂದು ಕೋಣೆಯಲ್ಲಿ ಅವನೊಬ್ಬನೇ. ಈ ಕಡೆ ಕೆಲಸವಿದ್ದ ದಿನ ಮಧ್ಯಾಹ್ನದ ಊಟ ಪರಿಮಳಾಳ ಕೈಯದು. ಅವಳಿಗೆ ಅವನ ಮೇಲೆ ಅಕ್ಕರೆ. ಒಮ್ಮೆ ಅವಳ ಕನ್ನಡಕದ ಕಾಲು ಸಡಿಲಾಗಿ ದಾರದಿಂದ ಕಟ್ಟಿಕೊಂಡಿದ್ದಳು. ಅವನು ಏನೂ ಹೇಳದೆ ಅದನ್ನು ಸಿರ್ಸಿಗೆ ಒಯ್ದು, ಹೊಸ ತಿರುಪು ಹಾಕಿಸಿ, ಗಾಜನ್ನೂ ಒರೆಸಿ ತಂದು ಕಿಟಕಿಯಲ್ಲಿಟ್ಟು ಹೋಗಿದ್ದ.

ಅಷ್ಟರಲ್ಲಿ ಅಂಗಳದ ಅಂಚಿನಲ್ಲಿ ಚೌಡ ಕಾಣಿಸಿಕೊಂಡ. ಹೆಗಲಿಗೆ ಕೋವಿ, ಕೈಯಲ್ಲಿ ಸಾಗವಾನಿ ಎಲೆಯ ಕಟ್ಟು.

"ಒಡೆಯಾ, ಕೋವಿ ಪಾಲು."

ಹೆಗಡೆಗೆ ಆಕಾಶ ನೋಡುವುದಕ್ಕೂ ಆಗಲಿಲ್ಲ. ಗಿರೀಶ ತಿರುಗಿ ನೋಡಿದ.

"ಏನೋ ಅದು ಎಲಿಯಾಗ?"

ಚೌಡ ಸುಳ್ಳು ಹೇಳುವವನಲ್ಲ. ವ್ರತ ಗಿತ ಏನೂ ಅಲ್ಲ, ಹೇಳಿದ ಸುಳ್ಳನ್ನು ನೆನಪಿಟ್ಟುಕೊಳ್ಳುವುದು ಅವನಿಗೆ ರಗಳೆ. "ಕುರಿ ರಾ" ಎಂದ. "ಬೆಳಗಾಗೂಕೆ ಬಿತ್ತು."

ಬಾಗಿಲ ಹಿಂದೆ ನಿಂತ ಪರಿಮಳಾ ಅದನ್ನು ಕೇಳಿಸಿಕೊಂಡಳು. ಆ ಊರಿನಲ್ಲಿ ಕಾಡುಕುರಿಗೆ ಪೂರ್ತಿ ಹೆಸರು ಹೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಕುರಿ ಎಂದರೆ ಅದೇ. ಉಣ್ಣೆಯ ಕುರಿಯನ್ನು ಅಲ್ಲಿ ಸಾಕಿದವರಿಲ್ಲ, ಸಾಕಿದರೂ ಒಂದು ಮಳೆಗಾಲಕ್ಕೆ ಅದರ ಗೊರಸು ಕೊಳೆಯುತ್ತದೆ. ಗೇಣುದ್ದ ಕೋಡಿನ, ನಾಯಿಯ ಹಾಗೆ ಬೊಗಳುವ ಆ ಸಣ್ಣ ಜಿಂಕೆಯೇ ನೇರಳಕೇರಿಯ ಕುರಿ. ಚೌಡ ಕಾಯ್ದೆಯ ಎದುರು ನಿಂತು ಪೂರಾ ಒಪ್ಪಿಕೊಂಡುಬಿಟ್ಟಿದ್ದ.

ಆದರೆ ಗಿರೀಶನ ಮುಖ ಅರಳಿತು.

"ಕುರಿ? ಈ ಊರಾಗ ಕುರಿ ಎಲ್ಲಿಂದ ಬಂತೋ?"

"ಬರ್ತದ್ರಾ, ಬೆಟ್ಟದ ಕಡೆಂದ."

"ಕುರಿಗಾರರು ಹೊಡಕೊಂಡು ಬಂದಿರಬೇಕು" ಎಂದು ಗಿರೀಶ ಹೆಗಡೆಗೆ ತಿಳಿಹೇಳಿದ. "ನಮ್ಮ ಕಡೆ ಸುಗ್ಗಿ ಆದಮ್ಯಾಲ ಹೊಲದಾಗ ಕುರಿ ಹಿಂಡ ನಿಲ್ಲಸ್ತಾರ್ರಿ, ಗೊಬ್ಬರಕ್ಕ. ದಾರಿ ತಪ್ಪಿ ಇತ್ಲಾಗ ಬಂದಾವ."

ಪರಿಮಳಾ ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದವಳು. ಅಲ್ಲಿ ಕುರಿ ಎಂದರೆ ಏನು, ಇಲ್ಲಿ ಏನು ಎಂಬುದು ಆ ಅಂಗಳದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಭಾಷೆ ಕಲಿತದ್ದು ಜೀವನದಲ್ಲಿ ಎಂದಾದರೂ ಉಪಯೋಗಕ್ಕೆ ಬರುತ್ತದೆ ಎಂದು ಪ್ರೊಫೆಸರರು ಹೇಳುತ್ತಿದ್ದರು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಉಪಯೋಗವಾದೀತು ಎಂದು ಮಾತ್ರ ಹೇಳಿರಲಿಲ್ಲ.

"ಮತ್ತ ಕೋವಿ ಯಾಕ?" ಎಂದ ಗಿರೀಶ.

ಹೆಗಡೆಗೆ ಒಮ್ಮೆಲೇ ಮಾತು ಬಂತು. "ಎಲೆಕ್ಷನ್ ಬಂತಲ್ಲ. ಸ್ಟೇಷನ್ನಿಗೆ ಡಿಪಾಸಿಟ್ ಮಾಡಬೇಕು. ಎಣ್ಣೆ ಹಚ್ಚಿ ಕೊಡು ಅಂತ ಚೌಡನ ಹತ್ರ ಹೇಳಿದ್ದೆ. ಮುಟ್ಟಿತು ಚೌಡಾ, ಮುಟ್ಟಿತು, ಇನ್ನು ಹೋಗು."

ಚೌಡ ಕೋವಿ ಒರಗಿಸಿ, ಎಲೆಯ ಕಟ್ಟನ್ನು ಹಿಡಿದುಕೊಂಡು ಹೊರಟ. ಗಿರೀಶನ ಕಣ್ಣು ಆ ಕಟ್ಟಿನ ಹಿಂದೆಯೇ ಅಂಗಳ ದಾಟಿ ಹೋದದ್ದನ್ನು ಪರಿಮಳಾ ನೋಡಿದಳು. ಸ್ವಲ್ಪ ಹೊತ್ತಿಗೆ ಅವನೂ ಎದ್ದ.

"ಊಟ ಆಗ್ತಾ ಬಂತು ತಮ್ಮಾ" ಎಂದಳು.

"ಇವತ್ತ ಹಸಿವಿಲ್ರಿ ಅಕ್ಕಾರ." ಮುಖ ಕೊಟ್ಟು ಹೇಳಲಿಲ್ಲ. ಬೈಕು ಅಂಗಳದಲ್ಲೇ ಇತ್ತು, ಅವನು ಮಾತ್ರ ಹಳ್ಳದ ಕಡೆ ಇಳಿದ.

ಪರಿಮಳಾ ಗಂಡನ ಹತ್ತಿರ ಬಂದಳು. "ಅಂವ ಚೌಡನ ಮನೆಗೆ ಹೋಯ್ದ."

"ಎಂತಕ್ಕೆ? ಹಿಡಿಯಲೆ?"

"ಉಂಬಲೆ."

"ಲಿಂಗಾಯತರ ಮಾಣಿ, ಕುರಿ ಊಟಕ್ಕೆ ಹೋಪದಾ?" ಹೆಗಡೆಗೆ ಭಯಕ್ಕಿಂತ ಜಾತಿಯ ಆಶ್ಚರ್ಯ ಮುಂದಾಯಿತು. "ಕಾಲ ಕೆಟ್ಟೋತು ಮಾರಾಯ್ತಿ."

"ಅಲ್ಲಿ ತಲೆ ಇರ್ತು, ಚರ್ಮ ಇರ್ತು. ಕಂಡ್ರೆ ಚೌಡನ್ನ ಕಟ್ಕಂಡ್ ಹೋಗ್ತ. ಆನು ಹೋಗಿ ನೋಡ್ಕಂಡ್ ಬತ್ತೆ."

"ನೀ ಎಂತ ಹೇಳಿ ಹೋಗ್ತೆ ಅಲ್ಲಿ?"

"ಸೂಜಿಮೆಣಸು ಬೇಕಾಗಿತ್ತು ಹೇಳಿ."

ಅವಳ ಅಡಿಗೆಮನೆಯಲ್ಲಿ ಸೂಜಿಮೆಣಸು ಡಬ್ಬಿ ತುಂಬ ಇತ್ತು.

ಬಿಸಿಲಿಗೆ ಕೊಡೆ ಹಿಡಿದು ಹಳ್ಳ ದಾಟಿ ಅವಳು ಹೋಗುವಷ್ಟರಲ್ಲಿ ಗಿರೀಶ ಚೌಡನ ಜಗಲಿಯಲ್ಲಿ ಚಾಪೆಯ ಮೇಲೆ ಕೂತಾಗಿತ್ತು. ಎದುರಿಗೆ ಬಾಳೆಲೆ. ಅಂಗಳಕ್ಕೆ ಕಾಲಿಟ್ಟದ್ದೇ ಆ ವಾಸನೆ, ಅರಿಸಿನ, ಕಾಳುಮೆಣಸು, ಕೆಂಡ, ಅವಳನ್ನು ಮುತ್ತಿಕೊಂಡಿತು. ಧೂಪವಿಲ್ಲದೆ, ಬರೀ ಅದೊಂದೇ. ಅವಳು ಉಗುಳು ನುಂಗಿದಳು.

"ಅಕ್ಕಾರ!" ಗಿರೀಶ ಅರ್ಧ ಎದ್ದ.

"ಕೂತ್ಕೋ ತಮ್ಮಾ, ಕೂತ್ಕೋ. ನಾನು ಮೆಣಸಿಗೆ ಬಂದವಳು."

ಅವನು ಕೂತ. ಕೊರಳ ದಾರದಲ್ಲಿ ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯನ್ನು, ಅದರೊಳಗಿನ ಲಿಂಗಕ್ಕೆ ಎಲೆ ಕಾಣದಿರಲೆಂದು, ಮೆಲ್ಲಗೆ ಬೆನ್ನಿಗೆ ಸರಿಸಿಕೊಂಡ. "ಟ್ರೇನಿಂಗ್‌ನ್ಯಾಗ ಗೆಳೆಯಾರು ಕಲಿಸಿದ್ರಿ" ಎಂದ ಸಣ್ಣ ದನಿಯಲ್ಲಿ. "ಅವ್ವಗ ಗೊತ್ತಿಲ್ಲ. ನಿಮ್ಮ ಮನಿಯಾಗ ಹೆಂಗ ಹೇಳ್ಲಿ?"

"ನಾನು ಯಾರಿಗೂ ಹೇಳುವುದಿಲ್ಲ" ಎಂದಳು ಪರಿಮಳಾ. ಅವತ್ತು ಎಲ್ಲರ ಗುಟ್ಟೂ ಅವಳ ಮಡಿಲಿಗೇ ಬಂದು ಬೀಳುತ್ತಿತ್ತು.

ಹೇಳುತ್ತಲೇ ಅಂಗಳದ ಮೂಲೆಯತ್ತ ಕಣ್ಣು ಹಾಯಿಸಿದಳು. ಕೋಳಿ ಮುಚ್ಚುವ ಬುಟ್ಟಿ ಬೋರಲು ಹಾಕಿತ್ತು. ಕೋಳಿಗಳೆಲ್ಲ ಹೊರಗೆ ಕೆದಕುತ್ತಿದ್ದವು. ಬುಟ್ಟಿಯ ಹೆಣಿಗೆಯಿಂದ ಒಂದು ಕೋಡಿನ ತುದಿ ಹೊರಗೆ ಇಣುಕಿತ್ತು. ಪರಿಮಳಾ ಸಾವಕಾಶ ನಡೆದು ಹೋಗಿ, ಪಕ್ಕದ ಕಲ್ಲಿನ ಮೇಲೆ ಕೂತು, ಬಿಚ್ಚಿದ ಕೊಡೆಯನ್ನು ಆ ಕೋಡಿಗೆ ಒರಗಿಸಿಟ್ಟು, ಸೀರೆಯ ನೆರಿಗೆ ಹರಡಿಕೊಂಡಳು. ಸೋಂದಾದ ಆಯಿ ಕಂಡಿದ್ದರೆ ಇಡೀ ಸೀಮೆಗೆ ಸಾಲುವಷ್ಟು ಹಾಲ್ಮಡ್ಡಿ ಸುಡುತ್ತಿದ್ದಳು.

ಚೌಡನ ಹೆಂಡತಿ ಬಂಗಾರಿ ಮೊದಲು ಕೆಂಡದಲ್ಲಿ ಸುಟ್ಟ ಲಿವರು ಬಡಿಸಿದಳು, ಬೇಟೆಯ ದಿನ ಅದು ನೆಂಟನಿಗೇ ಸಲ್ಲಬೇಕಾದದ್ದು. ಆಮೇಲೆ ಅಕ್ಕಿರೊಟ್ಟಿ, ಸಾರು. ಎಲುಬು ಬಂದರೆ ಸೌಟಿನಲ್ಲೇ ಹಿಂದೆ ಸರಿಸಿ ಮೆತ್ತಗಿನ ಚೂರುಗಳನ್ನೇ ಅವನ ಎಲೆಗೆ ಹಾಕುತ್ತಿದ್ದದ್ದನ್ನು ಪರಿಮಳಾ ಗಮನಿಸಿದಳು. ಚೌಡ ಕಂಬಕ್ಕೆ ಒರಗಿ ನಿಂತಿದ್ದ. ಬಂದವರು ಉಂಡೇಳದೆ ತಾನು ಕೂರುವ ಕ್ರಮ ಅವನ ಮನೆಯಲ್ಲಿರಲಿಲ್ಲ.

"ಬಾಯಾಗ ಕರಗತೈತಲೋ!" ಎಂದ ಗಿರೀಶ. "ನಮ್ಮೂರ ಕುರಿ ಅಂದ್ರ ಬರೇ ಚರಬಿ. ಇದಕ್ಕ ಏನು ತಿನ್ನಸ್ತಿಯೋ ಚೌಡಾ?"

"ನಾವೆಂತ ತಿನ್ನಸೂದು ರಾ? ಒಡೇರ ತೋಟದಾಗೆ ಯಾಲಕ್ಕಿ ಕುಡಿ ತಿಂತದೆ."

"ಯಾಲಕ್ಕಿ! ಅದಕ್ಕ ಈ ಘಮ. ಹೆಗಡೇರು ಸುಮ್ನ ಇರ್ತಾರೇನು?"

"ಒಂಚೂರು ನೋಡು ಅಂತ್ರು."

"ನೋಡು ಅಂತಾರ! ನಮ್ಮ ಕಡೆ ಆಗಿದ್ರ ಬಡಿಗಿ ತಗೊಂಡು ಬರ್ತಿದ್ರು. ದೊಡ್ಡ ಮನಸ್ಸು ಬಿಡು ಅವರ್ದು."

ಬಂಗಾರಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಪರಿಮಳಾ ಹೇಳಿದಳು, "ಚೌಡಾ, ನನಗೆ ಹೊತ್ತಾಯ್ತು. ಮೆಣಸು ಕೊಡು."

"ಕೊಡ್ತೆ ಅಮ್ಮಾ, ಅವರು ಉಂಡ್ಕಳ್ಳಿ."

"ಒಂದು ದೊಡ್ಡಿ ಮಾಡಿ ಕಟ್ಟಿ ಹಾಕಬಾರದೇನು?" ಗಿರೀಶನಿಗೆ ಊಟದ ಜೊತೆ ಮಾತೂ ರುಚಿ ಹತ್ತಿತ್ತು. "ಇಲಾಖೆಯಿಂದ ತಂತಿ ಕೊಡಸ್ತೀನಿ ಬೇಕಾದ್ರ."

"ಕುರೀನ ಯಾರು ಕಟ್ಟಿದ್ರು ರಾ? ಮನುಷ್ಯನ ವಾಸನೆ ಬಡಿದ್ರೆ ಹಾರ್ಕಂಡ್ ಹೋಗ್ತದೆ."

"ಚೌಡಾ, ಮೆಣಸು!" ಎಂದಳು ಪರಿಮಳಾ.

"ಬಂದೆ ಅಮ್ಮಾ. ಇದು ನಿನ್ನೆ ಸಂಜೇಗೆ ಬೆಟ್ಟದ ತಲೇಲಿ ಬೊಗಳ್ತಿತ್ತು. ಆವಾಗ್ಲೇ ಜಾಗ ಗುರ್ತು ಮಾಡ್ಕಂಡೆ."

"ಏನು ಬೊಗಳ್ತಿತ್ತು? ನಾಯಿ?"

"ನಾಯಿ ಅಲ್ರಾ. ಕುರಿ."

ಗಿರೀಶನ ತುತ್ತು ಎಲೆಗೂ ಬಾಯಿಗೂ ನಡುವೆ ನಿಂತಿತು. ಇಲಾಖೆಯ ತರಬೇತಿಯಲ್ಲಿ ಆ ಪ್ರಾಣಿಯನ್ನು ಅವನು ಬಾರ್ಕಿಂಗ್ ಡಿಯರ್ ಎಂದು ಕಲಿತಿದ್ದ. ಅದರ ಹೆಜ್ಜೆ, ಹಿಕ್ಕೆ, ಕೂಗು, ಕೊಂದರೆ ಏನು ಶಿಕ್ಷೆ, ಎಲ್ಲ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ. ರುಚಿಯೊಂದನ್ನು ಯಾರೂ ಕಲಿಸಿರಲಿಲ್ಲ. ಅವನು ಚೌಡನನ್ನು ನೋಡಿದ. ಚೌಡನ ಮುಖದಲ್ಲಿ ಏನೂ ಅಡಗಿರಲಿಲ್ಲ. ಆಮೇಲೆ ಮೂಲೆಯಲ್ಲಿ ನೆರಳಿಲ್ಲದ ಕಡೆ ಕೊಡೆಯನ್ನು ನೆಲಕ್ಕೆ ಒರಗಿಸಿ, ತಾನು ಬಿಸಿಲಲ್ಲೇ ಕೂತ ಪರಿಮಳಾಳನ್ನು ನೋಡಿದ.

"ಅಕ್ಕಾರ, ನಿಮಗ ಗೊತ್ತಿತ್ತೇನ್ರಿ?"

ಅವಳಿಗೆ ಸುಳ್ಳು ಬರಲಿಲ್ಲ. "ನಮ್ಮಲ್ಲಿ ಕುರಿ ಅಂದ್ರೆ ಅದೇ, ತಮ್ಮಾ."

ಒಳಗಿಂದ ಬಂದ ಬಂಗಾರಿಗೆ ಇದೊಂದೂ ಕೇಳಿಸಿರಲಿಲ್ಲ. "ಇನ್ನೊಂದ್ ಚೂರು ಹಾಕ್ಲ್ರಾ? ಅವ್ವನ್ನ ಬಿಟ್ಟು ದೂರ ಇದ್ದವರು, ಹೊಟ್ಟೆ ತುಂಬ ಉಣ್ಣಿ" ಎಂದಳು.

ಗಿರೀಶ ಎಲೆಯ ಮೇಲೆ ಕೈ ಅಡ್ಡ ಹಿಡಿದ. ಆದರೆ ಏಳಲಿಲ್ಲ. ಎಡೆಯಲ್ಲಿ ಬಂದದ್ದನ್ನು ಬಿಡಬಾರದು, ಅದು ಪ್ರಸಾದ, ಎಂದು ದೇವಕ್ಕ ಮಗನಿಗೆ ಎಳವೆಯಲ್ಲೇ ಕಲಿಸಿದ್ದಳು. ತಾಯಿಯ ಮಾತು, ಇಲಾಖೆಯ ಕಾಯ್ದೆ, ಎಲ್ಲವನ್ನೂ ಒಂದೇ ಊಟದಲ್ಲಿ ಮುರಿದಿದ್ದವನು ಉಳಿದ ಆ ಒಂದು ನೇಮವನ್ನಾದರೂ ಕಾಪಾಡಲು ಹೊರಟ. ತಲೆ ತಗ್ಗಿಸಿ, ಒಂದೊಂದೇ ಚೂರನ್ನು ಔಷಧ ನುಂಗುವ ಹಾಗೆ ನುಂಗಿ, ರೊಟ್ಟಿಯಿಂದ ಎಲೆಯನ್ನು ಒರೆಸಿ ತಿಂದ. ಬಂಗಾರಿಗೆ ಅಷ್ಟು ಸಂತೋಷ ಕೊಟ್ಟ ನೆಂಟ ಇನ್ನೊಬ್ಬನಿರಲಿಲ್ಲ.

ಕೈತೊಳೆದು ಬಂದು ಹೇಳಿದ, "ನಾಳೆ ಹೆಗಡೇರ ಮನೀಗ ಬಾ ಚೌಡಾ. ಬಟ್ಟಿ ಒಂದು ಜೊತೆ ತಗೊಂಡು ಬಾ."

ಬಟ್ಟೆ ಯಾಕೆ ಎಂದು ಯಾರೂ ಕೇಳಲಿಲ್ಲ. ಅವನು ಹೋದ ಮೇಲೆ ಚೌಡ ಎಲೆಯ ಮುಂದೆ ಕೂತ, ಹಾಗೆಯೇ ಎದ್ದ.

ಮರುದಿನ ಗಿರೀಶ ಪೂರಾ ಯೂನಿಫಾರ್ಮಿನಲ್ಲಿ ಬಂದ. ಚೌಡ ಆಗಲೇ ಬಂದು, ಒಗೆದ ಅಂಗಿ ತೊಟ್ಟು, ಕೈಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದ. ಪರಿಮಳಾಗೆ ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ಚೌಡ ಜೈಲಿಗೆ ಹೋದರೆ ಅದು ಗಿರೀಶನಿಂದಲ್ಲ, ಚೌಡನಿಂದಲೂ ಅಲ್ಲ, ಈ ಜಗಲಿಯಿಂದ ಎಂದು ಅವಳಿಗೆ ಗೊತ್ತಿತ್ತು. ಗಂಡನ ಹತ್ತಿರ ಅದನ್ನು ಎರಡು ಸಲ ಹೇಳಿದ್ದಳು. ಅವನು ಎರಡು ಸಲವೂ ನೀರು ಕೇಳಿದ್ದ.

"ಹೆಗಡೇರ, ಕೋವಿ ಯಾರ್ದ್ರಿ?" ಗಿರೀಶ ಕೂರಲಿಲ್ಲ.

"ಕೋವಿ ನಮ್ಮದೇ" ಎಂದ ಹೆಗಡೆ. "ಆದ್ರೆ ನಾನು ಹೇಳಿದ್ದು ನೋಡು ಅಂತ. ಹೊಡಿ ಅಂತ ಹೇಳಿದ್ದಿಲ್ಲ. ಬೇಕಾದ್ರೆ ಅವನನ್ನೇ ಕೇಳಿ."

"ಹೌದ್ರಾ" ಎಂದ ಚೌಡ. "ಒಡೇರು ನೋಡು ಅಂದದ್ದೇ."

"ಹೊಡದಾವ ಯಾರು?"

"ನಾನೇ."

"ತಿಂದಾವರು?"

ಚೌಡ ನೆನಪು ಮಾಡಿಕೊಂಡ. "ನಾನು ತಿನ್ಲಿಲ್ಲ. ನೀವು ಎದ್ದು ಹೋದ ಮೇಲೆ ಯಾಕೋ ಗಂಟಲಾಗೆ ಇಳೀಲಿಲ್ಲ. ಬಂಗಾರಿ ಒಂಚೂರು ತಿಂದ್ಳು. ಉಳಿದದ್ದು ಕೇರಿಗೆ ಹಂಚಿದ್ವು. ಲಿವರು ಪೂರಾ ನೀವೇ ರಾ."

ಹೆಗಡೆಗೆ ಕೆಮ್ಮು ಬಂತು. ಗಿರೀಶ ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ.

"ಕಾಯ್ದೆ ಹೆಂಗೈತಿ ಗೊತ್ತೇನ್ರಿ ಹೆಗಡೇರ? ಹೊಡದಾವ, ಕೋವಿ ಕೊಟ್ಟಾವ, ತಿಂದಾವ, ಯಾರನ್ನೂ ಬಿಡಂಗಿಲ್ಲ. ಬರದ್ರ ಎಲ್ಲಾರ ಹೆಸರೂ ಬರೀಬೇಕು."

"ಎಲ್ಲರದು ಎಂತಕ್ಕೆ?" ಹೆಗಡೆ ದನಿ ತಗ್ಗಿಸಿದ. "ನೀವು ನಾವು ಸಮಿತಿಯವರು. ಚೌಡ ಹೇಗೂ ಒಪ್ಪಿಕೊಂಡಿದ್ದಾನೆ. ಅವನೊಬ್ಬನ ಹೆಸರು ಹಾಕಿದ್ರೆ ಆಯ್ತಪ್ಪ. ಮನೆ ಖರ್ಚಿಗೆ ನಾವು ನೋಡಿಕೊಳ್ಳುತ್ತೇವೆ."

ನೋಡಿಕೊಳ್ಳುತ್ತೇವೆ ಎಂಬ ಶಬ್ದ ಜಗಲಿಯ ಮೇಲೆ ಒಂದು ಕ್ಷಣ ಹಾಗೇ ಉಳಿಯಿತು. ಚೌಡ ಕೈಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡ.

ಪರಿಮಳಾ ಬಾಗಿಲು ದಾಟಿ ಹೊರಗೆ ಬಂದಳು.

"ಹಾಗಾದ್ರೆ ನನ್ನ ಹೆಸರೂ ಬರ್ಕೋ ತಮ್ಮಾ. ತಲೆ ಬುಟ್ಟಿಯ ಕೆಳಗಿತ್ತು. ನಿನಗೆ ಕಾಣಬಾರದು ಅಂತ ಕೊಡೆ ಅಡ್ಡ ಇಟ್ಟು ಕೂತವಳು ನಾನು. ಗೊತ್ತಿದ್ದೂ ಉಣ್ಣಲು ಬಿಟ್ಟವಳೂ ನಾನೇ."

"ಏ, ಎಂತ ಹೇಳ್ತೆ ನೀನು! ಒಳಗೆ ಹೋಗು" ಎಂದ ಹೆಗಡೆ.

"ಹೋಗ್ತೆ. ಹೆಸರು ಬರ್ಕಂಡ ಮೇಲೆ ಹೋಗ್ತೆ."

ಗಿರೀಶ ಅವಳ ಕನ್ನಡಕವನ್ನು ನೋಡುತ್ತಿದ್ದ, ಅದರಾಚೆಗಿನ ಕಣ್ಣನ್ನು ನೋಡುವ ಧೈರ್ಯವಿಲ್ಲದವನ ಹಾಗೆ. ಕೊನೆಗೆ ಅವನು ಟೋಪಿಯನ್ನು ತಲೆಗೆ ಹಾಕಿಕೊಂಡ.

"ನಿನ್ನೆ ಹೆಗಡೇರು ಏನಂದ್ರಿ? ಎಲೆಕ್ಷನ್ ಬಂತು, ಕೋವಿ ಡಿಪಾಸಿಟ್ ಮಾಡಬೇಕು ಅಂದ್ರಿ. ಭಾಳ ಚಲೋ ವಿಚಾರ. ಇವತ್ತ ನಾನೂ ಸ್ಟೇಷನ್ ಕಡೆ ಹೊಂಟೀನಿ, ಜೋಡಿಲೆ ಹೋಗೂಣು."

"ಇನ್ನೂ ಟೈಮುಂಟಲ್ಲ" ಎಂದ ಹೆಗಡೆ.

"ನೀವ ಅಧ್ಯಕ್ಷರು. ನೀವ ಮೊದಲ ಕೊಟ್ರ ಊರಿಗೆ ಮಾದರಿ. ಎಲೆಕ್ಷನ್ ಆದಮ್ಯಾಲೂ ಅವಸರ ಮಾಡಬ್ಯಾಡ್ರಿ. ತರೂ ಮುಂದ ನನಗೊಂದು ಮಾತು ಹೇಳ್ರಿ." ಆಮೇಲೆ ಅಂಗಳಕ್ಕೆ ತಿರುಗಿದ. "ಚೌಡಾ, ಇನ್ನ ಮ್ಯಾಲ ಹೊಡಿಯಂಗಿಲ್ಲ ಅಂತ ಆಣಿ ಮಾಡ್ತಿಯೇನು?"

ಚೌಡ ಯೋಚಿಸಿದ. ಸುಮ್ಮನೆ ಹೂಂ ಎಂದುಬಿಡಬಾರದೇ ಎಂದು ಪರಿಮಳಾ ಸೆರಗು ಹಿಂಡಿದಳು.

"ಕೋವಿ ಇಲ್ದೆ ಹ್ಯಾಂಗೆ ಹೊಡೀಲ್ರಾ?" ಎಂದ ಚೌಡ.

ಗಿರೀಶನ ಮೀಸೆ ಅಲುಗಿತು. "ಆತು. ಅಷ್ಟ ಸಾಕು. ಚೀಲ ಮನೀಗ ಒಯ್ಯಿ."

ಹೆಗಡೆ ಕೋವಿ ತರಲು ಒಳಗೆ ಹೋದ. ಹೋದವನು ಅಡಿಗೆಮನೆಗೆ ಬಂದು, ಹಿಂದೆಯೇ ಬಂದ ಹೆಂಡತಿಯ ಕಿವಿಯ ಹತ್ತಿರ, "ಊಟದ ಹೊತ್ತಾತು. ಅವಂಗೆ ಇವತ್ತು ಜಗಲಿ ಮೇಲೆ ಬಡ್ಸಡ. ಮಾಂಸ ತಿಂದವ" ಎಂದ.

ಪರಿಮಳಾ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು. "ಹೊಡ್ಸಿದವಕ್ಕೆ ಬಡ್ಸಲಕ್ಕಾ?"

ಹೆಗಡೆ ಆಕಾಶ ನೋಡಲು ತಲೆ ಎತ್ತಿದ. ಅಡಿಗೆಮನೆಯಲ್ಲಿ ಬರೀ ಮಾಡು ಇತ್ತು. ಅವನು ಮಣೆ ಹಾಕಿಕೊಂಡು ಕೂತ. ಅವಳು ಬಡಿಸಿದಳು, ತುಪ್ಪವನ್ನೂ ಮರೆಯದೆ.

ಹೆಗಡೆಯ ಪಿಸುಮಾತು ಸಭೆಯ ಮಾತಿನಷ್ಟೇ ದೂರ ಹೋಗುವಂಥದು. ಪರಿಮಳಾ ಜಗಲಿಗೆ ಬಂದು ನೋಡಿದರೆ ಗಿರೀಶ ಇರಲಿಲ್ಲ. ಅಂಗಳದ ಬೇಲಿಯ ದಣಪೆಯ ಆಚೆ, ಬೈಕು ನಿಲ್ಲಿಸಿದಲ್ಲಿ ಕಟ್ಟೆಯ ಮೇಲೆ ಕೂತಿದ್ದ. ಸ್ವಲ್ಪ ದೂರದಲ್ಲಿ, ಮನೆಗೆ ಹೋಗು ಎಂದರೂ ಕಾಲು ಬಾರದೆ, ಚೌಡ ಚೀಲವನ್ನು ತೊಡೆಯ ಮೇಲಿಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ.

ಪರಿಮಳಾ ಹಿತ್ತಿಲಿಗೆ ಹೋಗಿ ಎರಡು ಬಾಳೆಲೆ ಕೊಯ್ದು ತೊಳೆದಳು. ಅನ್ನ, ಬೇಳೆ ಸಾರು, ಮೊಸರು ಕಲಸಿದ ಸೌತೆಕಾಯಿ ಹಸಿ, ಮಿಡಿ ಉಪ್ಪಿನಕಾಯಿ. ಮೊರದಲ್ಲಿ ಎಲೆಗಳನ್ನಿಟ್ಟುಕೊಂಡು, ಮಜ್ಜಿಗೆಯ ತಂಬಿಗೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು, ದಣಪೆಯ ಅಡ್ಡ ಗಳುಗಳನ್ನು ಸರಿಸಿ ಆಚೆ ಬಂದಳು. ಗಿರೀಶ ಎದ್ದು ನಿಂತ. ಅವಳು ಮೊದಲ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನಿಗೆ ಕೊಟ್ಟಳು.

ಅವನು ಅದನ್ನು ತೆಗೆದುಕೊಂಡ, ಒಂದು ಕ್ಷಣ ಹಿಡಿದು ನಿಂತ. ಆಮೇಲೆ ನಾಲ್ಕು ಹೆಜ್ಜೆ ನಡೆದು, ಬಗ್ಗಿ, ನಿನ್ನೆಯಿಂದ ಉಣ್ಣದವನ ಮುಂದೆ ಹಿಡಿದ. ಚೌಡ ಚೀಲವನ್ನು ನೆಲಕ್ಕಿಟ್ಟು ಕೈ ಚಾಚಿದ.